ಈಗಲೇ? ಆಮೇಲೆ?

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ

ಮತ್ತೆ ಬಂತು! ಉಮ್ಮು ರಿದಾ ಅವರ ಮಗಳ ನಿಕಾಹ್ ಕರವಸ್ತ್ರದ ಕಸೂತಿಗೆ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಪಾರಿವಾಳ ಕೂರಿಸುತ್ತಿದ್ದೆ. ಅವುಗಳ ನೆತ್ತಿಯ ಮೇಲೇ ಅದೇ ಸೂಚನೆ. ಈ ವಿಂಡೋಸ್‌ಗೆ ಮುಂದಿನ ತಿಂಗಳಿಂದ ರಕ್ಷಣೆ ಇಲ್ಲ, ಹೊಸದಕ್ಕೆ ಬನ್ನಿ. ಕೆಳಗೆ ಎರಡು ಬಟನ್ — ಈಗಲೇ, ಆಮೇಲೆ.

"ಆಮೇಲೆ ಒತ್ತು ಮಗಳೇ," ದಾರದ ರಾಶಿಯ ಹಿಂದಿನಿಂದ ಅತ್ತೆ. "ಕರೀದೇ ಬರೋ ನೆಂಟ ಅದು. ದಿನಾ ಬರುತ್ತೆ, ದಿನಾ ಹೋಗುತ್ತೆ."

ಒತ್ತಿದೆ. ಮನಸ್ಸಿಲ್ಲದ ಮನಸ್ಸಿನಿಂದ. ನನಗೆ ಈಗಲೇ ಬೇಕು! ಮನೆ ಹೊಸದು, ಮಂಚ ಹೊಸದು, ಮದುವೆಯ ದಿನ ಬಲಗೈಯಿಂದ ಎಡಗೈಗೆ ಹಾರಿದ ಉಂಗುರದ ತುರಿಕೆ ಕೂಡ ಹೊಸದು. ಇದೊಂದೇ ಹಳೆಯದು ಏಕೆ? ಸಂಜೆ ಹಾತಿಮ್ ಬಂದರಿನ ಕೆಲಸ ಮುಗಿಸಿ ಬರಲಿ. ನನ್ನ ಹಾತಿಮ್... ಹೆಸರು ಬರೆದರೂ ನಗು ಬರುತ್ತದೆ.

ಸೆಪ್ಟೆಂಬರ್ 28, ಭಾನುವಾರ

ಹಾತಿಮ್ ಜೊತೆ ಕಡಲ ದಂಡೆಯ ಗೋಡೆ ಮೇಲೆ ಕೂತು ಮಾತು. ಉಪ್ಪು ಹಚ್ಚಿದ ತುರ್ಮುಸ್ ಕಾಳು ಸುಲಿದು ಸುಲಿದು ನನ್ನ ಬಾಯಿಗೆ ಹಾಕಿದ. ಆದರೂ ಹೇಳಿದ್ದು ಬೇಡ ಎಂದೇ.

"ಮೆಷಿನ್ ಓಡಿಸೋ ಹೊಲಿಗೆ ಪ್ರೋಗ್ರಾಮ್ ಅಪ್ಪ ಇದ್ದಾಗ ತಂದಿದ್ದು. ಅದನ್ನ ಮಾಡಿದ ಕಂಪನಿನೇ ಮುಚ್ಚಿಹೋಗಿದೆ. ಹೊಸದರಲ್ಲಿ ತೆರೀಲಿಲ್ಲ ಅಂದ್ರೆ ಯಾರನ್ನ ಕೇಳ್ತೀಯಾ ಮೇಡಮ್? ಮೆಷಿನ್ ಮೇಲೆ ಹಿಟ್ಟು ಲಟ್ಟಿಸ್ತೀಯಾ?"

"ಹಳೇದರಲ್ಲೇ ಕೂತಿದ್ದು ವೈರಸ್ ಬಂದ್ರೆ? ಪಕ್ಕದ ರಿಬ್ಬನ್ ಅಂಗಡಿಯವರದ್ದು ಒಂದು ಫೈಲೂ ತೆರೀತಿಲ್ಲ. ನಿಮ್ಮಪ್ಪ ಬಿಡಿಸಿದ ಹಕ್ಕಿ, ಬಳ್ಳಿ ಎಲ್ಲ ಹಾಗೇ ಹೋದ್ರೆ?"

"ಅದು ದೇವರಿಚ್ಛೆ."

"ಇದು ನಿನ್ನ ಹೆಂಡತಿ ಇಚ್ಛೆ!"

ನಕ್ಕುಬಿಟ್ಟ. ನಕ್ಕರೆ ಅರ್ಧ ಗೆದ್ದ ಹಾಗೆ. ಇನ್ನರ್ಧ ಗೆಲ್ಲಿಸಿದ್ದು — ಯಾರು ನಂಬುತ್ತಾರೆ? — ಅತ್ತೆ! ಊಟಕ್ಕೆ ಕೂತಾಗ ಹೇಳಿದರು: "ಓದಿದವಳು ನೀನು. ಮಾಡು. ಆದ್ರೆ ಶುಕ್ರವಾರ ಉಮ್ಮು ರಿದಾಗೆ ಕರವಸ್ತ್ರ ಕೊಡ್ಲೇಬೇಕು. ನಿಕಾಹ್ ಹೊತ್ತಿಗೆ ಅದನ್ನ ಹೊದಿಸದೆ ಅಳಿಯ, ಮಾವ ಬರಿಗೈ ಹಿಡ್ಕೊಂಡ್ರೆ ಈ ಗಲ್ಲೀಲಿ ನಾನು ತಲೆ ಎತ್ತೋ ಹಾಗಿಲ್ಲ."

ಮೀನು ತಿನ್ನುತ್ತಿದ್ದ ಕೈಯಲ್ಲೇ ಅತ್ತೆಯನ್ನು ಅಪ್ಪಿಕೊಂಡೆ.

ಸೆಪ್ಟೆಂಬರ್ 29, ಸೋಮವಾರ, ಬೆಳಿಗ್ಗೆ

ಒತ್ತಿದೆ!! ಈಗಲೇ!!

ಮೊದಲು ಎಲ್ಲ ಚಿತ್ರಗಳ ಪ್ರತಿ ಮಾಡಿಟ್ಟೆ. ನಾನು ಹುಚ್ಚಿಯಲ್ಲ. ಅತ್ತೆ ಧೂಪ ಹಿಡಿದು ಕಂಪ್ಯೂಟರಿಗೆ ಸುತ್ತು ಬಂದರು, ಮಗುವಿಗೆ ಬರುವ ಹಾಗೆ. ಅದರ ಬೆನ್ನಿಗೆ ಎಂದೋ ಮಾವ ಸಿಕ್ಕಿಸಿದ್ದ ದೃಷ್ಟಿಯ ನೀಲಿ ಮಣಿಯನ್ನು ಕಿತ್ತು ನನ್ನ ಬ್ಯಾಗಿಗೆ ಕಟ್ಟಿದರು. "ಇಷ್ಟು ದಿನ ಇದನ್ನ ಕಾಯ್ತು. ಇನ್ಮೇಲೆ ನಿನ್ನ ಕಾಯ್ಲಿ. ಈ ಗಲ್ಲಿ ಹೆಂಗಸರ ಕಣ್ಣು ನಿನ್ನ ಮೇಲೇ ಇದೆ." ಕಣ್ಣು ತುಂಬಿಬಂತು. ಅತ್ತೆಯಂದಿರ ಬಗ್ಗೆ ಗೆಳತಿಯರು ಹೇಳಿದ್ದೆಲ್ಲ ಸುಳ್ಳು.

ಅದೇ ದಿನ, ಸಂಜೆ

ಆಯಿತು! ಎಷ್ಟು ಚಂದ! ಮೂಲೆಗಳೆಲ್ಲ ದುಂಡಗೆ, ಬಣ್ಣವೆಲ್ಲ ತೊಳೆದ ಹಾಗೆ.

ಹೊಲಿಗೆ ಪ್ರೋಗ್ರಾಮ್ ತೆರೆಯುತ್ತಿಲ್ಲ.

ಅಕ್ಟೋಬರ್ 1, ಬುಧವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಹಾತಿಮ್ ರಜೆ ಹಾಕಿದ. "ನಾನು ಆಗ್ಲೇ ಹೇಳಿರಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಹಿಂದಿನದಕ್ಕೆ ಮರಳುವ ದಾರಿ ಇದೆ ಎಂದು ನಾನೇ ಹುಡುಕಿದೆ. ಮರಳಿದೆವು. ಅದೇ ಹಳೆಯ ಮುಖ, ಅದೇ ಮೂಲೆಗಳು. ಪ್ರೋಗ್ರಾಮ್ ಒತ್ತಿದೆ.

ಹಳೆಯದರಲ್ಲೂ ಇಲ್ಲ!

"ತವರಿಗೆ ಕಳಿಸಿದ್ರೂ ಮಾತಾಡ್ತಿಲ್ಲ ಇದು," ಎಂದ ಹಾತಿಮ್. ಯಾರೂ ನಗಲಿಲ್ಲ.

ಉಮ್ಮು ರಿದಾ ಬಾಗಿಲಿನಿಂದ ಇಣುಕಿದರು. "ಆಯ್ತಾ ಮದುಮಗಳೇ? ನನ್ನ ಮಗಳು ನಿದ್ದೆ ಮಾಡ್ತಿಲ್ಲ." ಅತ್ತೆ "ಆಗ್ತಾ ಇದೆ, ಆಗ್ತಾ ಇದೆ" ಎಂದರು. ನನ್ನತ್ತ ನೋಡಲಿಲ್ಲ. ಉಮ್ಮು ರಿದಾ ಹೋದ ಮೇಲೆ ಅತ್ತೆ ಬಿಳಿ ಬಟ್ಟೆ ತೆಗೆದು ಕೈಯಲ್ಲೇ ಕಸೂತಿ ಹಾಕಲು ಕೂತರು. ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನು ಕರೆಯಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು...

ಅಕ್ಟೋಬರ್ 2, ಗುರುವಾರ

ಟ್ರಾಮಿನಲ್ಲಿ! ಟ್ರಾಮಿನಲ್ಲೇ ಗೊತ್ತಾಯಿತು!

ಕಂಪ್ಯೂಟರ್ ರಿಪೇರಿಯವರನ್ನು ಹುಡುಕಿ ಹೊರಟವಳು, ಅಳು ಬರಬಾರದೆಂದು ಬ್ಯಾಗಿನ ನೀಲಿ ಮಣಿ ತಿರುವುತ್ತ ಕೂತಿದ್ದೆ. ಮಣಿ ಕಟ್ಟಿದ್ದು ಒಂದು ನೀಲಿ ಪ್ಲಾಸ್ಟಿಕ್ ತುಂಡಿಗೆ. ಆ ತುಂಡಿಗೆ ಪೆನ್‌ಡ್ರೈವ್‌ಗಿರುವಂಥದೇ ಲೋಹದ ಮೂತಿ. ಇದು ತಾಯಿತವಲ್ಲ, ಕೀಲಿ! ಕಂಪ್ಯೂಟರಿನ ಬೆನ್ನಿಗೆ ಇದನ್ನು ಚುಚ್ಚಿದ್ದರೆ ಮಾತ್ರ ತೆರೆಯುವ ಪ್ರೋಗ್ರಾಮ್ ಅದು. ಮಣಿ ಕಟ್ಟಿದ್ದು ಮಾವ, ಇದನ್ನು ಯಾರೂ ಮುಟ್ಟದಿರಲಿ ಎಂದಿರಬೇಕು.

ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿದೆ. ಚುಚ್ಚಿದೆ. ಒತ್ತಿದೆ. ಪಾರಿವಾಳಗಳು!

ಅತ್ತೆ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. "ಅಯ್ಯೋ ನನ್ನ ತಲೆಗೆ ಮಣ್ಣು! ನಾನೇ ಕಿತ್ತೆನಲ್ಲ! ನಿನ್ನ ಮೇಲೆ ಎರಡು ದಿನ ಮುಖ ಊದಿಸಿಕೊಂಡಿದ್ದೆನಲ್ಲ!"

"ನೀವು ಪ್ರೀತಿಯಿಂದ ಕಿತ್ತಿದ್ದು ಅತ್ತೆ."

"ಪ್ರೀತಿನೇ ಅಲ್ವಾ ಮನೆ ಹಾಳು ಮಾಡೋದು!"

ಇಬ್ಬರೂ ನಕ್ಕು ನಕ್ಕು ದಾರದ ಡಬ್ಬಿ ಬೀಳಿಸಿದೆವು. ಮೆಷಿನ್ ಓಡುತ್ತಿದೆ. ಇಷ್ಟು ಇಂಪಾದ ಸದ್ದು ಬೇರೆ ಇಲ್ಲ.

ಅಕ್ಟೋಬರ್ 4, ಶನಿವಾರ

ಕರವಸ್ತ್ರ ಹೋಯಿತು, ನಿಕಾಹ್ ಆಯಿತು, ಬಾದಾಮಿ ಮಿಠಾಯಿ ಬಂತು.

ಮತ್ತೆ ಅದೇ ಸೂಚನೆಯೂ ಬಂತು. ಈಗಲೇ, ಆಮೇಲೆ.

ಹಾತಿಮ್ ಕೈ ಮುಗಿಯುವುದೊಂದು ಬಾಕಿ. "ನಡೀತಿದೆ. ಬಿಟ್ಬಿಡು ಮಹಾರಾಯ್ತಿ. ಹೊಸದರಲ್ಲಿ ಅದು ತೆರೆಯುತ್ತೆ ಅಂತ ಈಗಲೂ ನಮಗೆ ಗೊತ್ತಿಲ್ಲ."

ನಿಜ. ಗೊತ್ತಿಲ್ಲ. ಮೊದಲ ಸಲ ನನ್ನ ಬೆರಳೇ ಆಮೇಲೆಯ ಕಡೆ ಹೋಯಿತು.

ಆ ಕೈ ತಡೆದದ್ದು ಅತ್ತೆ. "ಬೀಗ ಸವೆದಿದೆ ಅಂತ ಗೊತ್ತಾದ್ಮೇಲೆ ಬಾಗಿಲು ಹಾಕ್ಕೊಂಡು ನಿದ್ದೆ ಬರುತ್ತಾ? ತೆರೀದಿದ್ರೆ ಹಿಂದಕ್ಕೆ ಬರೋ ದಾರಿ ಗೊತ್ತಲ್ಲ. ಒತ್ತು."

ಅದೇ ದಿನ, ಸಂಜೆ

ಮುಗಿಯಿತು. ದುಂಡು ಮೂಲೆಗಳು ಬಂದವು. ನೀಲಿ ತುಂಡು ಅದರ ಜಾಗದಲ್ಲೇ ಇದೆ. ಮೌಸ್ ಅತ್ತೆಯ ಕೈಯಲ್ಲಿ, ಯಾರಿಗೂ ಕೊಡುವುದಿಲ್ಲವಂತೆ. ಬಿಸ್ಮಿಲ್ಲಾ ಎಂದು ಎರಡು ಸಲ ಒತ್ತಿದರು. ಕಾಯುತ್ತಿದ್ದೇವೆ. ಹಾತಿಮ್ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ...

ಬಂತು! ಬಂತು! ಮಾವನ ಹಕ್ಕಿಗಳೆಲ್ಲ ಬಂದವು! ಅತ್ತೆ ನಾಲಿಗೆ ಹೊರಳಿಸಿ ಮದುವೆಮನೆಯ ಕೂಗು ಹಾಕುತ್ತಿದ್ದಾರೆ, ನಿಲ್ಲಿಸುತ್ತಲೇ ಇಲ್ಲ. ಎದುರಂಗಡಿಯವರೂ ಸೇರಿಕೊಂಡರು. ಗಲ್ಲಿಗೆ ಗಲ್ಲಿಯೇ ಬಾಗಿಲಲ್ಲಿ ನಿಂತು ಕೇಳುತ್ತಿದೆ, "ಯಾರ ಮದುವೆ? ಯಾರದು?" ಏನೆಂದು ಹೇಳಲಿ? ಅತ್ತೆ ಕೈ ಹಿಡಿದು ಎಳೆಯುತ್ತಿದ್ದಾ—