ಸಂಘದವರ ಕಣ್ಣಿಗೆ ಬೀಳದ ತಪ್ಪು

ಗೆಳೆಯಾ ಶರಣಪ್ಪ,

ನೀನು ಇದ್ದಾಗ ನಾನು ಒಂದು ಸಾಲು ಬರೆದರೂ ಅದರಲ್ಲಿ ತಪ್ಪು ತೆಗೆಯದೆ ಬಿಡುತ್ತಿರಲಿಲ್ಲ. ಈಗ ತೆಗೆ, ನೋಡೋಣ. ನೀನು ಹೋಗಿ ವರ್ಷವಾಗುತ್ತ ಬಂತು, ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಪುಸ್ತಕದ ಮೊದಲ ಭಾಗ ಅಚ್ಚಾಗಿ ಹೊರಬಂದ ತಿಂಗಳಲ್ಲೇ ಜ್ವರ ಹಿಡಿಸಿಕೊಂಡು ಎದ್ದು ಹೋಗುವುದೆಂದರೆ... ಎರಡನೇ ಭಾಗವನ್ನು ಯಾರ ಕೊರಳಿಗೆ ಕಟ್ಟಿ ಹೋದೆ? ಇರಲಿ. ಇವತ್ತು ಜಗಳಕ್ಕೆ ಕೂತಿಲ್ಲ, ಸುದ್ದಿ ಹೇಳಲಿಕ್ಕೆ ಕೂತಿದ್ದೇನೆ.

ನೆನಪಿದೆಯಾ, ನೀನು ಶಬ್ದಗಳ ಗಂಟು ಹೊತ್ತು ತಂದು ಆಳಂದದ ನನ್ನ ಅಚ್ಚುಕೂಟದಲ್ಲಿ ಇಳಿಸಿದ ದಿನ? ಸರ್ಕಾರಿ ಶಾಲೆಯಲ್ಲಿ ದಿನವಿಡೀ ಉರ್ದುವಿನಲ್ಲಿ ಪಾಠ ಹೇಳುವ ಮಾಸ್ತರ, ರಜೆ ಬಂತೆಂದರೆ ಅಫಜಲಪುರ, ಜೇವರ್ಗಿ, ಯಡ್ರಾಮಿ ಎಂದು ತಿರುಗಿ ಹೊಲ ಉಳುವವರ ಮಾತು ನಿಘಂಟಿಗೆಂದು ಬರೆದುಕೊಂಡು ಬರುವುದು ಕಂಡು ನನಗೆ ನಗು ಬಂದಿತ್ತು. ಮಂದಿ ಜೋಳ ಕೂಡಿಡುತ್ತಾರೆ, ಈತ ಜೋಳದ ಹೆಸರು ಕೂಡಿಡುತ್ತಾನೆ ಎಂದೆ. ನೀನು ನಗಲಿಲ್ಲ. ಮಂದಿ ಆಡಿದ ಹಾಗೆಯೇ ಅಚ್ಚು ಹಾಕಬೇಕು, ಮಳೆ ಅಲ್ಲ ಮಳಿ, ಮನೆ ಅಲ್ಲ ಮನಿ ಎಂದು ಕರಾರು ಹಾಕಿದೆ. ನಾನು ಒಪ್ಪಿಕೊಂಡೆ.

ನೀನು ಹೋದ ಮೇಲೆ ಸೊಲ್ಲಾಪುರದ ಕಾಗದದ ವ್ಯಾಪಾರಿ ಒಂದು ಮಾತು ಹೇಳಿದ. ವಿದ್ಯಾಪೀಠಗಳಿಗೆ, ಕಾಲೇಜುಗಳಿಗೆ ಶಾಸ್ತ್ರಗ್ರಂಥ ಮಾಡಿಕೊಡುವ ಪ್ರಕಾಶಕರು ಸೇರಿ ಸಂಘ ಕಟ್ಟಿಕೊಂಡಿದ್ದಾರಂತೆ. ಸದಸ್ಯರ ಪುಸ್ತಕಗಳ ಪಟ್ಟಿ ಎಲ್ಲ ವಿದ್ಯಾಪೀಠಗಳ ಗ್ರಂಥಾಲಯಕ್ಕೂ ಹೋಗುತ್ತದಂತೆ. ಅದರಲ್ಲಿ ಸೇರದಿದ್ದರೆ ನಿನ್ನ ಪುಸ್ತಕ ನನ್ನ ಅಟ್ಟದ ಮೇಲೆ ಗೆದ್ದಲಿಗೆ ಪಾಠ ಹೇಳಿಕೊಂಡು ಇರಬೇಕಿತ್ತು, ಎರಡನೇ ಭಾಗದ ಮಾತಂತೂ ದೂರವೇ ಉಳಿಯಿತು. ಅರ್ಜಿ ಹಾಕಿ ಒಂದು ಪ್ರತಿ ಕಳಿಸಿದೆ. ಅದು ಮೈತುಂಬ ಕೆಂಪು ಶಾಯಿ ಬಳಿದುಕೊಂಡು ಮರಳಿ ಬಂತು. ಮಳಿ ತಪ್ಪು, ಮನಿ ತಪ್ಪು. ನಮ್ಮ ಕಡೆ ಕತ್ತೆಗೆ ಕತ್ತಿ ಅನ್ನುತ್ತೇವಲ್ಲ, ಅಲ್ಲಿ ಅಂಚಿನಲ್ಲಿ ಬರೆದಿದ್ದರು: ‘ಕತ್ತಿ ಆಯುಧ, ಹೊರೆ ಹೊರುವುದಿಲ್ಲ.’ ಇವನ್ನೆಲ್ಲ ತಿದ್ದಿದರೆ ಸದಸ್ಯತ್ವ, ಇಲ್ಲವಾದರೆ ಸಭೆಗೆ ಬಂದು ಸಮಜಾಯಿಷಿ ಕೊಡಬೇಕು ಎಂದು ಒಕ್ಕಣೆ.

ನಿಮ್ಮೂರು ಕರಜಗಿಗೆ ಹೋದಾಗ ನಿನ್ನ ಗಂಗಮ್ಮ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ತಿದ್ದಿದರೆ ಪುಸ್ತಕ ಉಳಿಯುತ್ತದೆ, ಆದರೆ ಅವನಿಗೆ ಕೊಟ್ಟ ಮಾತು ಹೋಗುತ್ತದೆ, ಏನು ಮಾಡಲಿ ತಂಗಿ ಎಂದು ಕೇಳಿದೆ. ಆಕೆ ಮೊರ ಕೆಳಗಿಟ್ಟಳು.

“ಮಳೆ ಅಂತ ಬರದ್ರ ಅದು ಬ್ಯಾರೆ ಥರಾ ಬೀಳ್ತದೇನ್ರಿ ಅಣ್ಣಾ?”

ಇಲ್ಲ ಎಂದೆ. “ಹಂಗಾದ್ರ ನಮ್ಮದು ನಮ್ಮಂಗ ಇರಲಿ ಬಿಡ್ರಿ. ಆದ್ರ ಪುಸ್ತಕ ಮಾತ್ರ ಮೂಲ್ಯಾಗ ಬೀಳಬಾರದು ನೋಡ್ರಿ.” ಎರಡೂ ಆಗಬೇಕಂತೆ! ನಿನ್ನ ಹೆಂಡತಿಯಲ್ಲವೇ, ಮತ್ತೆ ಹೇಗಿರುತ್ತಾಳೆ?

ಸಭೆಗೆಂದು ಹೊರಟು ನಮ್ಮ ಸಂಸ್ಥಾನದ ಗಡಿಯ ಖಜೂರಿ ದಾಟುವಾಗ ಸುಂಕದ ನಾಕಾದ ಜವಾನ ನನ್ನ ಗಂಟು ಬಿಚ್ಚಿಸಿ, ಏನು ಮಾಲು ಎಂದು ಉರ್ದುವಿನಲ್ಲಿ ಕೇಳಿದ. ಅಲ್ಫಾಜ್, ಬರೀ ಶಬ್ದಗಳು ಎಂದೆ. ಕನ್ನಡದ ಪುಸ್ತಕ ಕಂಡರೆ ಸಂಶಯಪಡುವ ಕಾಲ. ಆತ ನಾಕಾರು ಹಾಳೆ ತಿರುವಿ, ಎತ್ತಿನ ಗಾಡಿಯ ಚಿತ್ರ ನೋಡಿ, ಹೋಗು ಎಂದ. ನೀನು ಹಟ ಹಿಡಿದು ಹಾಕಿಸಿದ ಚಿತ್ರ ಅದು.

ಸಭೆಯಲ್ಲಿ ಕೆಂಪು ಶಾಯಿಯ ಪಂಡಿತರೇ ಎದುರು ಕೂತಿದ್ದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವ ಹಿರಿಯರು. ಕಾಲೇಜಿನ ವಿದ್ಯಾರ್ಥಿ ಮಳೆ ಎಂದು ಹುಡುಕಿದರೆ ಈ ಪುಸ್ತಕದಲ್ಲಿ ಅವನಿಗೆ ಏನು ಸಿಗುತ್ತದೆ ಎಂದು ಕೇಳಿದರು. ಸುಳ್ಳೇಕೆ, ಎಲ್ಲಾದರೂ ಒಂದು ಮಳೆ ಸಿಕ್ಕೀತೇ ಎಂದು ನಾಚಿಕೆಯಿಂದ ತಲೆ ತಗ್ಗಿಸಿ ಹಾಳೆ ತಿರುವುತ್ತಿದ್ದೆ. ಆಗ ಕಂಡಿತು ನೋಡು ಒಂದು ಶಬ್ದ, ಕೆಂಪು ಗೆರೆ ಇಲ್ಲದ್ದು. ನನಗೆ ನಗು ತಡೆಯಲಾಗಲಿಲ್ಲ.

“ನೀವು ಗೆರಿ ಎಳದದ್ದೆಲ್ಲ ನಮ್ಮ ಮಂದಿ ಮಾತದರಿ. ಇದೊಂದು ಬಿಟ್ಟೀರಲ್ಲ, ಹೊಳೆ ಅಂತ, ಇದು ಖರೇನೇ ಅಚ್ಚಿನ ತಪ್ಪು. ಬರದಾಂವ ಹೊಳಿ ಅಂತ ಬರದಿದ್ದ. ಇದನ್ನ ಬೇಕಾದ್ರ ಈಗೇ ತಿದ್ತೀನ್ರಿ.”

ಪಂಡಿತರು ಪುಸ್ತಕ ಎಳೆದುಕೊಂಡರು. ಅಕ್ಷರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಹೊಳೆಗೆ ಇಷ್ಟು ಸಂಕಟಪಡುವವರು ಅಸಡ್ಡೆಯಿಂದ ಅಚ್ಚು ಹಾಕಿದವರಲ್ಲ ಎಂದು ಅವರೇ ಉಳಿದವರಿಗೆ ಹೇಳಿದರು. ಮಳಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮಳೆ ಎಂದೂ ಕೊಡಿ, ಹುಡುಕುವವರಿಗೆ ದಾರಿಯಾಗುತ್ತದೆ ಎಂದರು. ನ್ಯಾಯದ ಮಾತು, ಒಪ್ಪಿದೆ. ನೀನಿದ್ದರೆ ಒಪ್ಪುತ್ತಿದ್ದೆಯಾ? ಮುಖ ಊದಿಸಿಕೊಂಡಾದರೂ ಒಪ್ಪುತ್ತಿದ್ದೆ ಎಂದುಕೊಂಡಿದ್ದೇನೆ. ಹೌದು ಶರಣಪ್ಪ, ನಾವು ಸಂಘದ ಸದಸ್ಯರು. ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ನಮ್ಮ ಆಳಂದದ ಹೆಸರು ಬಂದಿದೆ. ಅದನ್ನು ಓದಿ ನಾನು ಅಲ್ಲೇ ಅತ್ತೆ.

ಆದರೆ ಇನ್ನೊಂದು ಶರತ್ತು ಉಳಿದಿತ್ತು. ಬೆಳೆ ಮತ್ತು ಕಣದ ಮಾತುಗಳ ಎರಡನೇ ಭಾಗ ಬರಬೇಕಾದರೆ, ಬರೆದವನು ತೀರಿಕೊಂಡ ಮೇಲೆ ಶಬ್ದಗಳಿಗೆ ಜವಾಬುದಾರರು ಯಾರು ಎಂದು ಕೇಳಿದರು. ನನಗೆ ಗೊತ್ತಿರುವುದು ಅಚ್ಚಿನ ಮೊಳೆ ಜೋಡಿಸುವುದು, ರಾಶಿ ಮಾಡುವುದಲ್ಲ. ನಾನು ಗಂಗಮ್ಮನ ಹೆಸರು ಹೇಳಿದೆ. ಆಕೆಗೆ ಓದು ಬರಹ ಬಾರದು ಎಂದೂ ಹೇಳಿದೆ. ಹಾಗಾದರೆ ಓದಿ ಕೇಳಿಸುವ ಕೆಲಸ ನಿಮ್ಮದು ಎಂದರು ಪಂಡಿತರು.

ಮೊನ್ನೆ ಕರಜಗಿಯಲ್ಲಿ ನಿನ್ನ ಹಸ್ತಪ್ರತಿ ಓದಲು ಕೂತೆ. ಕಣಕಿ ಎಂಬ ಶಬ್ದಕ್ಕೆ ನೀನು ಜೋಳದ ದಂಟು, ಹಸಿಯದು ಅಥವಾ ಒಣಗಿದ್ದು ಎಂದು ಬರೆದಿದ್ದೀಯಲ್ಲ, ಅಲ್ಲಿ ಆಕೆ ಕೈ ಎತ್ತಿ ನಿಲ್ಲಿಸಿದಳು.

“ಹಸೀದಕ್ಕ ಕಣಕಿ ಅಂತ ಯಾರ ಅಂತಾರ್ರಿ? ಆವಾಗೇ ಹೇಳಿದ್ದೆ, ನಿಮ್ಮ ಗೆಳೆಯಾರು ಕೇಳಲಿಲ್ಲ. ಈಗ ಹೊಡದ ಹಾಕ್ರಿ.”

ಹೊಡೆದು ಹಾಕಿದ್ದೇನೆ. ಎರಡನೇ ಭಾಗ ಬರುತ್ತದೆ, ಇದು ನನ್ನ ಮಾತು. ಮೊದಲ ಪುಟದಲ್ಲಿ ನಿನ್ನ ಹೆಸರು ಇರುತ್ತದೆ, ಅದರ ಕೆಳಗೆ ‘ತಿದ್ದಿದವರು: ಗಂಗಮ್ಮ’ ಎಂದು ಇರುತ್ತದೆ. ತಕರಾರಿದ್ದರೆ ಬಂದು ಆಕೆಗೇ ಹೇಳು.

ನಿನ್ನ,
ಚನ್ನಬಸಪ್ಪ