ಹುಟ್ಟುಮಚ್ಚೆಯ ಗುಂಡು

ಅಕ್ಟೋಬರ್ 2, 1968

ಊರ ಬೇಟೆಯವರಿಗಾಗಿ ಸೀಸ ಕರಗಿಸಿದೆ. ಹರಿದ ಮೀನುಬಲೆಯಿಂದ ಬಿಚ್ಚಿದ್ದು, ಕೊಳಕು. ಇಪ್ಪತ್ತು ಗುಂಡು ಹೊಯ್ದೆ, ನಾಲ್ಕು ಹಾಳು. ಉಳಿದವನ್ನು ಒಂದೊಂದಾಗಿ ಕೋವಿಯ ನಳಿಗೆಯಲ್ಲಿ ಉರುಳಿಸಿ ನೋಡಿದೆ. ಸಲೀಸಾಗಿ ಆಚೆ ಬೀಳಬೇಕು. ಸಿಕ್ಕಿಕೊಂಡರೆ ನಳಿಗೆ ಸಿಡಿದು ಮುಖವೇ ಹೋದೀತು.

ಸವ್ವಾ ಬಂದಿದ್ದ. ನಮ್ಮೂರ ಬೇಟೆ ತಂಡದ ಮುಖ್ಯಸ್ಥ ಆದಾಗಿನಿಂದ ಒಂದೇ ರಾಗ.

"ಅತ್ತೆ, ಗುಂಡಿನ ಹಿಂದೆ ರಟ್ಟಿನ ಬಿಲ್ಲೆ ಇಟ್ರೆ ಮದ್ದಿನ ಜೋರೆಲ್ಲ ಪಕ್ಕದಲ್ಲೇ ಸೋರಿಹೋಗುತ್ತೆ. ಉಣ್ಣೆ ಬಿಲ್ಲೆನೇ ಬೇಕು. ಒಲೆ ಮೇಲಿರೋ ಆ ಬೂಟು ಕತ್ತರಿಸಿಕೊಡಿ. ಒಂಬತ್ತು ವರ್ಷದಿಂದ ಹುಳಕ್ಕೆ ಊಟ ಹಾಕ್ತಾ ಇದೀರಲ್ಲ!"

"ನಿನ್ನ ಟೋಪಿ ಕತ್ತರಿಸ್ಕೋ, ಹೋಗು."

ನನ್ನ ಗಂಡ ನಿಕಾಂದರನ ಉಣ್ಣೆಬೂಟು ಅದು, ನಮ್ಮ ದೊಡ್ಡ ಇಟ್ಟಿಗೆ ಒಲೆಯ ನೆತ್ತಿಯ ಮೇಲೆ ಬೆಚ್ಚಗಿರುತ್ತದೆ. ಒಂಬತ್ತು ವರ್ಷದ ಹಿಂದೆ ವಸಂತದಲ್ಲಿ, ನದಿಯಲ್ಲಿ ಮರದ ದಿಮ್ಮಿ ತೇಲಿಸುವವರ ಜೊತೆ ಹೊರಟಾಗ, "ಚಳಿಗಾಲಕ್ಕೆ ಬೇಕಾಗುತ್ತೆ, ಒಲೆ ಮೇಲಿಡು" ಎಂದಿದ್ದ. ಅದಕ್ಕೂ ಮುಂಚೆ ಎರಡು ದಿನ ಜಗಳವಾಗಿತ್ತು. ನಾನು, "ಬರದೇ ಇದ್ರೂ ನಷ್ಟ ಇಲ್ಲ" ಅಂದೆ.

ಬರಲಿಲ್ಲ. ಒಂದು ಕಾಗದವೂ ಇಲ್ಲ.

ಅಕ್ಟೋಬರ್ 6

ಕರಡಿ ಹೊಡೆದರು. ಸುಲಿಯುವಾಗ ಸಿಕ್ಕ ಗುಂಡನ್ನು ಹೊಯ್ದವರ ಕೈಗೇ ವಾಪಸು ಕೊಡುವುದು ನಮ್ಮಲ್ಲಿ ರೂಢಿ, ಮತ್ತೆ ಕರಗಿಸಲು. ಸವ್ವಾ ಎರಡು ತಂದ.

"ಇದು ಇವತ್ತಿಂದು. ಇದು ಯಾವ ಕಾಲದ್ದೋ, ಭುಜದ ಕೊಬ್ಬಿನಲ್ಲಿ ಹುದುಗಿತ್ತು. ಗಾಯ ಮಾಯ್ದುಹೋಗಿದೆ."

ತೊಳೆದೆ. ಒಂದು ಬದಿ ಚಪ್ಪಟೆ. ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದ ಗೆರೆ, ಬಾಗಿದ್ದು...

ದೀಪದ ಹತ್ತಿರ ಹಿಡಿದೆ. ನಿಕಾಂದರನ ಅಚ್ಚು ಒಮ್ಮೆ ಒಲೆಕಲ್ಲಿನ ಮೇಲೆ ಬಿದ್ದು ಒಳಗೆ ಗೀರಾಗಿತ್ತು. ಅದರಲ್ಲಿ ಹೊಯ್ದ ಪ್ರತಿ ಗುಂಡಿಗೂ ಈ ಗೆರೆ. ನಾನು ಅಚ್ಚಿಗೆ ಶಾಪ ಹಾಕಿದರೆ, "ಇರ್ಲಿ ಬಿಡೇ, ನನ್ನ ಗುಂಡಿಗೆ ಹುಟ್ಟುಮಚ್ಚೆ" ಎನ್ನುತ್ತಿದ್ದ. ಹೋಗುವಾಗ ಆ ಅಚ್ಚನ್ನು ಜೇಬಿನಲ್ಲಿ ಹಾಕಿಕೊಂಡೇ ಹೋದ.

"ಕರಡಿಗೆ ವಯಸ್ಸೆಷ್ಟು?"

"ಹಲ್ಲು ನೋಡಿದ್ರೆ ನಾಲ್ಕು. ಯಾಕತ್ತೆ, ಮುಖ ಹಿಂಗಾಯ್ತು?"

ಬೆರಳಲ್ಲಿ ಲೆಕ್ಕ ಹಾಕಿದೆ. ನಾಲ್ಕು ವರ್ಷದ ಕರಡಿಯ ಮೈಯಲ್ಲಿ, ಒಂಬತ್ತು ವರ್ಷದ ಹಿಂದೆ ಹೋದವನ ಗುಂಡು!

ಬದುಕಿದ್ದಾನೆ. ಇದೇ ಕಾಡಿನಲ್ಲಿ, ನದಿಯ ಮೇಲುಗಡೆ ಎಲ್ಲೋ. ನನ್ನ ನಿಕಾಂದರ್.

ಅಕ್ಟೋಬರ್ 7

ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಎಸೆಯಲು ಮನಸ್ಸಾಗದೆ ತಿಂದೆ. ಗುಂಡನ್ನು ಕರಗಿಸಲಿಲ್ಲ. ಏಪ್ರನ್ ಜೇಬಿನಲ್ಲಿದೆ. ನಡೆದಾಗಲೆಲ್ಲ ತೊಡೆಗೆ ತಾಗುತ್ತದೆ.

ಅಕ್ಟೋಬರ್ 10

ಶನಿವಾರ ಮೇಲಿನ ಮರ ಕಡಿಯುವ ಶಿಬಿರಕ್ಕೆ ಕೊನೆಯ ದೋಣಿ. ಆಮೇಲೆ ನದಿ ಹೆಪ್ಪುಗಟ್ಟುತ್ತದೆ. ವಾಪಸು ಬರುವುದು ಹೇಗೋ, ಯಾವಾಗಲೋ. ಹಾಳಾಗಲಿ.

ಕಟ್ಟಿಟ್ಟದ್ದು: ಒಣಮೀನು, ಉಪ್ಪಿನ ಅಣಬೆ, ಬೂಟು. ಊರಿಗೆಲ್ಲ ಹೇಳಿಬಿಟ್ಟೆ, ಬಾಯಿ ನಿಲ್ಲಲಿಲ್ಲ. ಸವ್ವಾ ತಲೆ ಕೆರೆದುಕೊಂಡ. ಬೇಟೆ ತಂಡದ ಮುದುಕ ಫಿಲಾತ್ ಮಾತ್ರ ಏನೂ ಹೇಳದೆ ಎದ್ದು ಹೋದ. ಯಾವಾಗಲೂ ಬಾಯಿಬಡುಕ, ಅವನಿಗೇನಾಯಿತೋ.

ತಲೆಗೆ ಸ್ನಾನ ಮಾಡಿದೆ. ಐವತ್ತಾರಕ್ಕೆ ಇದೆಲ್ಲ ಬೇಕಾ? ಬೇಕು. ಅವನನ್ನು ಕಂಡರೆ ಏನೆಂದು ಶುರು ಮಾಡಲಿ? ಬೈಗುಳದಿಂದಲೇ. ಹಾಗಾದರೆ ನಾನೇ ಎಂದು ಗುರುತು ಸಿಗುತ್ತದೆ.

ಅಕ್ಟೋಬರ್ 12, ಮಧ್ಯಾಹ್ನ

ಹೋಗಲಿಲ್ಲ.

ಒಂದು ಕಾಲು ದೋಣಿಯಲ್ಲಿತ್ತು. ಫಿಲಾತ್ ದಡದಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ.

"ಅಗ್ನಿಯಾ, ಇಳಿ ತಾಯಿ. ಆ ಗುಂಡು ಹೊಡೆದದ್ದು ನಾನು."

"ಕುಡಿದಿದೀಯಾ ಮಾವ?"

"ಕುಡಿದಿದ್ರೆ ಸುಲಭ ಆಗ್ತಿತ್ತು. ನಿಕಾಂದರ್ ಹೋಗೋ ಮುಂಚೆ ಮದ್ದು, ಗುಂಡು ತುಂಬಿಕೊಟ್ಟಿದ್ದ ತೋಟಾ ಒಂದು, ಪೆಟ್ಟಿಗೆ ತಳದಲ್ಲಿ ಉಳಿದಿತ್ತು. ಹೋದ್ವರ್ಷದ ಹಿಂದಿನ ವರ್ಷ, ಓಟ್ಸ್ ಹೊಲಕ್ಕೆ ಎಳೇ ಕರಡಿ ಬಂತು. ಹೊಡೆದೆ. ಬಿಲ್ಲೆ ಹುಳ ತಿಂದಿತ್ತೋ ಏನೋ, ಪುಸ್ ಅಂತು. ಕರಡಿ ಗಾಯ ಮಾಡ್ಕೊಂಡು ಕಾಡಿಗೆ ಓಡ್ತು."

"ನೀನು ಹಿಂದೆ ಹೋಗ್ಲಿಲ್ವಾ?"

"ಇಲ್ಲ. ಹೆದರಿಕೊಂಡೆ. ಯಾರಿಗೂ ಹೇಳ್ಲೂ ಇಲ್ಲ."

ದೋಣಿಯವರೆಲ್ಲ ತಿರುಗಿ ನೋಡಿದರು. ಗಾಯಗೊಂಡ ಕರಡಿಯನ್ನು ಕಾಡಿನಲ್ಲಿ ಬಿಟ್ಟು ಬಾಯಿ ಮುಚ್ಚಿಕೊಂಡವನನ್ನು ನಮ್ಮೂರಲ್ಲಿ ಯಾರೂ ಕ್ಷಮಿಸುವುದಿಲ್ಲ. ಆ ವಾರ ನಾವು ಹೆಂಗಸರೆಲ್ಲ ಅಲ್ಲೇ ಹಣ್ಣು ಕೀಳುತ್ತಿದ್ದೆವು.

"ಇವತ್ತು ಯಾಕೆ ಬಾಯಿ ಬಿಟ್ಟೆ?"

"ನೀನು ಅಲ್ಲಿ ಹಿಮದಲ್ಲಿ ಅವನನ್ನ ಹುಡುಕ್ತಾ ಸತ್ತುಹೋದ್ರೆ?"

ಅವನ ಕೆನ್ನೆಗೆ ಹೊಡೆದೆ. ಎಲ್ಲರೆದುರು. ಅವನು ಅಲುಗಲಿಲ್ಲ. ದೋಣಿ ಹೋಯಿತು.

ಆರು ದಿನ ನನ್ನ ಗಂಡ ಬದುಕಿದ್ದ.

ಅಕ್ಟೋಬರ್ 23

ಬರೆಯಲು ಏನೂ ಇರಲಿಲ್ಲ.

ನದಿ ಹೆಪ್ಪುಗಟ್ಟಿದೆ. ಸವ್ವಾ ಫಿಲಾತನನ್ನು ತಂಡದಿಂದ ತೆಗೆದ. ಮುದುಕ ಈಗ ಒಬ್ಬನೇ ಕಾಡಿಗೆ ಹೋಗುತ್ತಾನಂತೆ, ಅಂಥವೇ ಹಳೆಯ ತೋಟಾ ಇಟ್ಟುಕೊಂಡು. ಮೂರ್ಖ. ಇನ್ನೊಮ್ಮೆ ಪುಸ್ ಅಂದರೆ ಕರಡಿ ಓಡುತ್ತದೆಯೇ?

ದೋಣಿಗೆಂದು ಕಟ್ಟಿಟ್ಟ ಗಂಟು ಬಿಚ್ಚಿ ಬೂಟು ಹೊರತೆಗೆದೆ. ಹುಳ ಹಿಡಿದಿಲ್ಲ. ಪ್ರತಿ ವರ್ಷ ಬಿಸಿಲಿಗೆ ಹಾಕಿದ್ದೇನೆ, ಹಿಡಿದೀತು ಹೇಗೆ?

ಎಡಗಾಲಿನದನ್ನು ಸೀಳಿದೆ. ಕೊರೆಯುವ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಒಳ್ಳೆಯ ಬಿಲ್ಲೆ, ದಪ್ಪ, ಬಿಗಿ. ಫಿಲಾತನಿಗೆ ಹತ್ತು ತೋಟಾ ತುಂಬಿ ಮೇಣ ಹಚ್ಚಿ ಬಾಗಿಲಲ್ಲಿ ಇಟ್ಟು ಬಂದೆ. ಮಾತಾಡಿಸಲಿಲ್ಲ. ಇನ್ನೂ ಸಿಟ್ಟಿದೆ.

ಹುಟ್ಟುಮಚ್ಚೆಯ ಗುಂಡನ್ನು ಬಲಗಾಲಿನ ಬೂಟಿನೊಳಗೆ ಹಾಕಿದೆ. ಬೂಟು ಒಲೆ ಮೇಲಿದೆ, ಅದರ ಜಾಗದಲ್ಲೇ.

ಬಂದರೆ ಕೂಗಾಡುತ್ತಾನೆ, ಒಂದೇ ಬೂಟಿನಲ್ಲಿ ಹೇಗೆ ನಡೀಲಿ ಅಂತ. ಕೂಗಾಡಲಿ. ಇಡೀ ಊರಿಗೆ ಕೇಳಲಿ. ನಷ್ಟ ಇಲ್ಲ ಅಂದದ್ದು ಸುಳ್ಳು, ನಿಕಾಂದರ್. ಅವತ್ತೇ ಸುಳ್ಳು. ನೀನು ದಡ ಇಳಿಯುವಾಗಲೇ ಕೂಗಿ ಹೇಳಬೇಕೆಂದಿದ್ದೆ, ಹಠ ಬಿಡಲಿಲ್ಲ. ಈಗ ಹೇಳ್ತಿದೀನಿ, ಕೇಳು. ಬಾ. ಬಂದು ಕೂಗಾಡು.