ಮೂರನೇ ಕರೆ

ಆಗಸ್ಟ್ 6, ಬುಧವಾರ. ಸಂಜೆ

ಚಾಪೆ ಹಾಸಿ ಮುಂದೆ ಕೂತವರೇ, ಬೇಲಿ ಹತ್ತಿ ಹಿಂದೆ ನಿಂತವರೇ, ತೂಕಡಿಸುವ ತಾಯಂದಿರೇ — ಸದ್ದು! ಉಗ್ರಕೇತು ಮಹಾರಾಜರು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಒಡ್ಡೋಲಗ ನಡೆಸುತ್ತಿದ್ದಾರೆ!

ಯಾರೂ ಇಲ್ಲ. ಇರಲಿ. ಡೈರಿ ನಾಟಕದ ಮಧ್ಯೆ ಎದ್ದು ಹೋಗುವುದಿಲ್ಲ.

ಪ್ರಾಕ್ಟೀಸಿನಲ್ಲಿ ಅವಮಾನ. ನಮ್ಮೂರ ನಾಟಕದಲ್ಲಿ ಮೂವತ್ತು ವರ್ಷದಿಂದ ಉಗ್ರಕೇತು ಎಂದರೆ ಈ ಮಂಚಯ್ಯ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ — ಪರದೆ ಎಲ್ಲೇ ಏಳಲಿ, ಮೊದಲ ಗರ್ಜನೆ ನನ್ನದು. ಈ ಬೇಸಿಗೆಯಲ್ಲಿ ಎದೆಗೆ ಸ್ಟೆಂಟ್ ಹಾಕಿದರು. ಎರಡು ತಿಂಗಳು ಪ್ರಾಕ್ಟೀಸ್ ತಪ್ಪಿತು. ಇವತ್ತು ಪದ್ಯದ ನಡುವೆ ಒಂದೇ ಒಂದು ಕಡೆ ಉಸಿರು ಎಳೆದುಕೊಂಡೆ... ಚಂದ್ರಯ್ಯ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿಬಿಟ್ಟರು.

"ದಮ್ಮು ಸಾಲ್ದು ಮಂಚಣ್ಣ. ಈ ಸಲ ಕುರುಡು ಮಂತ್ರಿ ಪಾರ್ಟು ತಕೋ. ಕೂತ್ಕಂಡೇ ಮಾಡ್ಬೌದು. ಉಗ್ರಕೇತೂನ ಪೃಥ್ವಿರಾಜ್ ಮಾಡ್ಲಿ."

ಪೃಥ್ವಿರಾಜ್! ರಾಮನಾಥಪುರದಲ್ಲಿ ಜಿಮ್ ಇಟ್ಟವನು. ತೋಳು ಆನೆಯದು, ಗಂಟಲು ಇರುವೆಯದು.

ಎದ್ದು ನಿಂತೆ. "ಭಾನುವಾರ ಊರ್ ಹಿಂದಿನ ಮೂರು ಗುಡ್ಡ ಹತ್ತಿ ಇಳೀತೀನಿ. ಕೊನೇ ಗುಡ್ಡದ ತುದೀಲಿ ನಿಂತು ಪದ್ಯ ಏಳ್ತೀನಿ. ನೀವು ಆಕಡೆ ಬುಡದಲ್ಲಿ ಕೂತಿರಿ. ಕೇಳುಸ್ತೋ, ಕಿರೀಟ ನಂದು. ಕೇಳ್ನಿಲ್ವೋ, ನಾನೇ ಕುರುಡ!"

"ಆಯ್ತು ಬುಡಪ್ಪ" ಎಂದರು. ಅಷ್ಟು ಬೇಗ ಒಪ್ಪುವ ಮನುಷ್ಯನಲ್ಲ.

ಆಗಸ್ಟ್ 9, ಶನಿವಾರ

ಆಶ್ಲೇಷಾ ಮಳೆ. ಮೂರು ದಿನದಿಂದ ಬಿಟ್ಟಿಲ್ಲ. ಗುಡ್ಡಗಳೇ ಕಾಣುತ್ತಿಲ್ಲ.

ಹೆಂಡತಿ ಬೆಟ್ಟಮ್ಮ ರೊಟ್ಟಿ ತಟ್ಟುತ್ತಲೇ ಚುಚ್ಚಿದಳು. "ಡಾಕ್ಟ್ರು ವಾಕಿಂಗ್ ಅಂದವ್ರೆ. ವನವಾಸ ಅಂದಿಲ್ಲ."

"ಮಳೆಗೆ ಹೆದರಿದರೆ ಅವನು ರಾಜನೇ?"

"ರಾಜಂಗೆ ಬನೀನು ಒಣಗಾಕೋರ್ ಯಾರು?"

ಆದರೆ ಮಾತ್ರೆಯ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದು ಅವಳೇ.

ಸಾಕ್ಷಿಗೆ ದೇವಯ್ಯ ಬರುತ್ತಾನಂತೆ. ನಾಟಕದಲ್ಲಿ ನನ್ನ ಪರಮ ವೈರಿ, ಸೇನಾಪತಿ ಸಮರಸಿಂಹ. ಹೊರಗೆ ಒಂದೇ ಬೀಡಿಕಟ್ಟಿನ ಗೆಳೆಯ — ಸ್ಟೆಂಟ್ ಬೀಳುವವರೆಗೆ.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ 11

ಎರಡನೇ ಗುಡ್ಡ. ಬಂಡೆಯ ಮರೆ. ಪುಟ ಒದ್ದೆ. ಇಬ್ಬರ ಕೊಡೆಗಳೂ ಗಾಳಿಗೆ ತಿರುಗಿದವು; ನನ್ನದನ್ನು ಮಡಚಿ ಊರುಗೋಲು ಮಾಡಿಕೊಂಡಿದ್ದೇನೆ. ಏರಿನಲ್ಲಿ ಎದೆ ಡೋಲು ಬಾರಿಸಿತು. ನಿಂತೆ. ಮತ್ತೆ ನಡೆದೆ. ದೇವಯ್ಯ ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಾನೆ. ಏನೋ ನುಂಗಿಕೊಂಡಿದ್ದಾನೆ.

"ವಾಪಸ್ ಓಗಮಾ ಕಣಣ್ಣೋ."

"ಸತ್ತರೂ ತುದಿಯಲ್ಲೇ!"

ಅದೇ ದಿನ. ಸಂಜೆ 6

ಮೂರನೇ ಗುಡ್ಡದ ಬುಡ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ. ಒಲೆಯ ಬಾಯಿಯ ಮುಂದೆ ಕೂತು ಬರೆಯುತ್ತಿದ್ದೇನೆ. ಆಟೋ ಬರಬೇಕು. 

ಮೂರನೇ ಗುಡ್ಡದ ತುದಿಗೆ ಇನ್ನೇನು ಒಂದು ಕೂಗಳತೆ. ದೇವಯ್ಯ ಒಂದಕ್ಕೆಂದು ಪೊದೆಯ ಕಡೆ ಸರಿದ. ಅಷ್ಟರಲ್ಲಿ ಮಂಜು ಇಳಿಯಿತು. ನನ್ನ ಕೈಯೇ ನನಗೆ ಕಾಣದು. ಆಗ ಕೆಳಗಿನಿಂದ ದೇವಯ್ಯನ ಗರ್ಜನೆ:

"ಎಲವೋ ಗವಿಯೊಳಗಿನ ಗೂಬೆಯೇ, ಹೊರಗೆ ಬಾ!"

ನಮ್ಮ ನಾಟಕದ ಕೊನೆಯ ಸೀನು. ಸೋತ ಉಗ್ರಕೇತು ಗವಿಯಲ್ಲಿ ಅಡಗಿರುತ್ತಾನೆ. ಸಮರಸಿಂಹ ಮೂರು ಸಲ ಕರೆಯಬೇಕು. ಮೂರನೇ ಕರೆಗೆ ಮುಂಚೆ ರಾಜ ಕದಲುವಂತಿಲ್ಲ. ಕದಲಿದರೆ ಹೇಡಿ.

ನಕ್ಕೆ. ಇಂಥ ಮಳೆಯಲ್ಲೂ ತಮಾಷೆ! ಬಂಡೆಯ ಮೇಲೆ ಎದೆಯುಬ್ಬಿಸಿ ನಿಂತೆ. ಕೊಡೆಯೇ ಖಡ್ಗ.

ಎರಡನೇ ಕರೆ ಬಂತು.

ಮೂರನೆಯದಕ್ಕೆ ಕಾದೆ... ಬರೀ ಮಳೆ. ಕಾದೆ. ಮೀಸೆಯಿಂದ ನೀರು ತೊಟ್ಟಿಕ್ಕಿತು. ದೇವಯ್ಯ ಕರೆ ತಪ್ಪಿಸುವವನಲ್ಲ. ಕುಂಡೆಯ ಮೇಲೆ ಜಾರುತ್ತಾ ಇಳಿದೆ. ಎರಡು ಬಂಡೆಗಳ ಸಂದಿಯಲ್ಲಿ ಅವನ ಪಾದ ಸಿಕ್ಕಿಬಿದ್ದಿತ್ತು. ಮುಖ ಬೂದಿ.

"ಮೂರನೇದು ಯಾಕ್ಲಾ ಕೂಗ್ನಿಲ್ಲ?"

"ಬರೀ ಕೂಗುದ್ರೆ ಮಳೇಲಿ ಕೇಳಾಕಿಲ್ಲ ಅಂತ ಪಾರ್ಟಿನ ಗಂಟ್ಲು ತಗದೆ. ಕರೆ ಈಗ ಎರಡೇ ಅಲ್ವಾ! ಎರಡಕ್ಕೇ ಎದ್ದು ಬತ್ತೀಯ ಅಂತ ನಾನು..." ತಡೆದ. ನಾಲಿಗೆ ಕಚ್ಚಿಕೊಂಡ.

"ಯಾರು ಎರಡು ಮಾಡಿದ್ದು?"

"ಮೇಷ್ಟ್ರು. ಪೃಥ್ವಿರಾಜ್‌ಗೆ ಅಷ್ಟೊತ್ತು ಅಲುಗಾಡ್ದೆ ಇರಕ್ಕಾಗಲ್ವಂತೆ. ತಿಂಗಳಿಂದ ಅಂಗೇ ಪ್ರಾಕ್ಟೀಸು. ಪಾರ್ಟು ಆಗ್ಲೇ ಅವನ್ದಾಗದೆ ಕಣಣ್ಣೋ. ನಿನ್ ಮುಂದೆ ಏಳಕ್ಕೆ ಬಾಯಿ ಬರ್ನಿಲ್ಲ."

ತಿಂಗಳಿಂದ! ಹಾಗಾದರೆ ಈ ಪಂಥ? ಹಟ ಹಿಡಿದ ಮಗುವಿನ ಕೈಗೆ ಕೊಟ್ಟ ಪೀಪಿ.

ಕಲ್ಲು ಸರಿಸಿ ಪಾದ ಬಿಡಿಸಿದೆ. ನನ್ನ ಟವೆಲ್ ಬಿಗಿಯಾಗಿ ಕಟ್ಟಿದೆ. ಆಮೇಲೆ ತುದಿಗೆ ಹತ್ತಿದೆ. ಹತ್ತದೆ ಬಿಡುತ್ತೇನೆಯೇ? ಹಾಡಿದರೆ ಬುಡದಿಂದ ಜನವಾದರೂ ಬರುತ್ತಾರೆ. ಮಳೆಗೆ ಮುಖ ಕೊಟ್ಟು, ನಡುವೆ ಎಲ್ಲೂ ಉಸಿರೆಳೆಯದೆ ಪೂರ್ತಿ ಪದ್ಯ ಬಿಟ್ಟೆ. ಎದುರಿನ ಗುಡ್ಡ ತಿರುಗಿ ಹಾಡಿತು.

ಯಾರೂ ಬರಲಿಲ್ಲ.

ದೇವಯ್ಯನ ತೋಳನ್ನು ಕುತ್ತಿಗೆಗೆ ಹಾಕಿಕೊಂಡು ಇಳಿಸಿದೆ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಅವನ ನರಳಾಟ ಮುಚ್ಚಲು ದಾರಿಯುದ್ದಕ್ಕೂ ರಂಗಗೀತೆ. ಬ್ಯಾರನ್ನಿನ ಬಾಗಿಲಲ್ಲಿ ಮೇಷ್ಟ್ರು ಟೀ ಲೋಟ ಹಿಡಿದು ಕೂತಿದ್ದರು.

"ಕೇಳುಸ್ತು ಮಂಚಣ್ಣ. ಶ್ರುತಿ ಒಂಚೂರೂ ಬೀಳ್ನಿಲ್ಲ."

"ಕೇಳುಸ್ತಾ? ಮತ್ತೆ ಯಾರ್ನೂ ಯಾಕ್ ಕಳುಸ್ನಿಲ್ಲ?"

"ನೀನು ಪದ್ಯ ಏಳ್ದೆ. ಕಾಲು ಮುರೀತು ಅಂತ ಏಳ್ನಿಲ್ವಲ್ಲ!"

"ಕಿರೀಟ?"

ಲೋಟದೊಳಗೆ ನೋಡಿದರು. "ಆ ಹುಡುಗಂಗೆ ಮಾತು ಕೊಟ್ಬುಟ್ಟಿವ್ನಿ ಕಣಯ್ಯ."

ನನಗೆ ಕೊಟ್ಟಿದ್ದು ಮಾತಲ್ಲವೇ? ಟೀ ಕೊಟ್ಟರು. ಕುಡಿಯಲಿಲ್ಲ.

ಆಗಸ್ಟ್ 12, ಮಂಗಳವಾರ. ಸಂಜೆ

ದೇವಯ್ಯನ ಮನೆಗೆ ಹೋಗಿದ್ದೆ. ಪಾದಕ್ಕೆ ಪ್ಲಾಸ್ಟರ್. ನಾಟಕ ಮುಗಿಯುವವರೆಗೂ ನೆಲಕ್ಕೆ ಊರುವಂತಿಲ್ಲ. ಎರಡು ದಿನ ಅವನ ಮೇಲೆ ಸಿಟ್ಟಿತ್ತು. ಆ ದಪ್ಪ ಬಿಳೀ ಕಾಲು ನೋಡಿ ನಗು ಬಂತು.

"ಸಮರಸಿಂಹನ ಪಾರ್ಟು ಖಾಲಿ ಬಿದ್ದದೆ. ಮೇಷ್ಟ್ರು ತಲೆ ಮೇಲೆ ಕೈ ಹೊತ್ಕಂಡವ್ರೆ" ಎಂದ. "ಮೂವತ್ತು ವರ್ಷ ಗವೀಲಿ ಕೂತು ನನ್ ಮಾತೇ ಕೇಳಿದೀಯ. ಒಂದು ಅಕ್ಷರ ಮರ್ತಿದೀಯಾ?"

ಮರೆಯುವುದೇ! ಅಲ್ಲೇ ಮಂಚದ ಪಕ್ಕ ನಿಂತು ಶುರು ಮಾಡಿದೆ. ಅವನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

ಬೆಟ್ಟಮ್ಮನಿಗೆ ಹೇಳಿದೆ. "ರಾಜನ ಕೆಲ್ಸ ಓಯ್ತಾ?" ಎಂದಳು. "ರಾಜನನ್ನು ಸೋಲಿಸುವ ಕೆಲಸ ಬಂತು" ಎಂದೆ. ಪಂಚೆಗೆ ಇಸ್ತ್ರಿ ಹಾಕಿಟ್ಟಿದ್ದಾಳೆ.

ಸಭಿಕರೇ, ಕೇಳಿ! ನಾಳೆ ಬೆಳಿಗ್ಗೆ ಮೇಷ್ಟ್ರ ಜಗಲಿಯ ಮುಂದೆ ನಿಲ್ಲುತ್ತೇನೆ. ಬೇಡಲು ಅಲ್ಲ. ಸಮರಸಿಂಹ ನಾನು. ಕರೆ ಎರಡಲ್ಲ, ಮೂರು — ಒಪ್ಪಿದರೆ ನಾಟಕ ಉಂಟು. ಹಾರ್ಮೋನಿಯಂ ತೆಗೆಸುತ್ತೇನೆ. ಆ ಪೃಥ್ವಿರಾಜನನ್ನು ಜಿಮ್ಮಿನಿಂದ ಕರೆಸುತ್ತೇನೆ. ಗವಿಯಲ್ಲಿ ಕೂರಿಸುತ್ತೇನೆ. ಒಂದನೇ ಕರೆಗೆ ಅವನ ಕಿರೀಟ ಅಲ್ಲಾಡಬೇಕು. ಎರಡನೇ ಕರೆಗೆ ತೋಳು. ಇನ್ನು ಮೂರನೇ ಕರೆಗೆ —